ಲಾಕರ್ ಕೋಣೆಯ ಗೋಡೆ ಕೊಯ್ದ ದಿನ

ಫೆಬ್ರವರಿ 10, ಸೋಮವಾರ

ಚಪಾತಿ, ಮಗಳು ಅದಿತಿಯ ಜಡೆ, ಕತಾರ್‌ಗಾಮ್ ಶಾಖೆಗೆ ಆಟೊ. ದಾವಣಗೆರೆಯಿಂದ ಸೂರತ್‌ಗೆ ವರ್ಗವಾಗಿ ಎಂಟು ತಿಂಗಳು. ಬ್ಯಾಂಕಲ್ಲಿ ಇಡೀ ದಿನ ಲಾಕರ್ ಡ್ಯೂಟಿ — ಮದುವೆ ಸೀಸನ್. ಸ್ಟ್ರಾಂಗ್ ರೂಮಿನ ಬಾಗಿಲು ತಕರಾರು ಮಾಡ್ತಿದೆ. ನಾಳೆ ಮೆಕ್ಯಾನಿಕ್ ಬರ್ತಾನಂತೆ. ಸಾಕು, ಕಣ್ಣು ಎಳೀತಿದೆ.

ಫೆಬ್ರವರಿ 11, ಮಂಗಳವಾರ, 12.10

ಸ್ಟ್ರಾಂಗ್ ರೂಮಿನೊಳಗೇ ಕೂತು ಬರೀತಿದ್ದೀನಿ.

ಒಳಗೆ ನಾನೂ ಗ್ರಾಹಕಿ ಇಂದುಮತಿಬೆನ್ನೂ (ಇಲ್ಲಿ ಅಕ್ಕನಿಗೆ ಬೆನ್ ಅಂತಾರೆ) ಇದ್ದೆವು. ನಾವಿರೋದನ್ನ ಮೆಕ್ಯಾನಿಕ್ ನೋಡಲಿಲ್ಲ. ಬೀಗ ಸರಿಹೋಯಿತಾ ಅಂತ ಬಾಗಿಲು ಮುಚ್ಚಿ ಪರೀಕ್ಷೆ ಮಾಡಿದ. ಏನೋ ಮುರಿದ ಸದ್ದು. ಈಗ ಯಾವ ಕೀಲಿಗೂ ಜಗ್ಗುತ್ತಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಗಾಳಿಗೆಂದು ಗೋಡೆಯಲ್ಲೊಂದು ಡೊಂಕು ಪೈಪಿದೆ, ಅದರಲ್ಲೇ ಮಾತು.

ಇಂದುಮತಿಬೆನ್‌ಗೆ ಎಪ್ಪತ್ತೆರಡು. ಶುಗರ್. ಇನ್ಸುಲಿನ್ ಚುಚ್ಚಿಕೊಂಡು ಬಂದಿದ್ದಾರೆ, ಊಟದ ಹೊತ್ತಿಗೆ ಮನೆಗೆ ಹೋದರಾಯ್ತು ಅಂತ. ಈಗ ಊಟ ತಪ್ಪಿದರೆ ಶುಗರ್ ತೀರಾ ಇಳಿದುಬಿಡುತ್ತೆ. ನನ್ನ ಬ್ಯಾಗಲ್ಲಿ ಅದಿತಿಯ ಒಂದು ಚಾಕೊಲೇಟ್ ಇತ್ತು. ಕೊಟ್ಟೆ. ಅರ್ಧ ಮುರಿದು ನನಗೇ ತಿನ್ನಿಸೋಕೆ ಬಂದರು.

1.30

ಗೋಡೆ ಕೊಯ್ತಾರಂತೆ! ಒಂದಡಿ ದಪ್ಪದ ಕಾಂಕ್ರೀಟು, ಒಳಗೆ ಎರಡು ಪದರ ಕಬ್ಬಿಣದ ಸರಳು.

ಪೈಪಿನಿಂದ ಹೊಸ ದನಿ. "ಬೆನ್, ನಾನು ಅನಿರುದ್ಧ. ಕಾಂಕ್ರೀಟ್ ಕಟಿಂಗ್ ನನ್ನ ಕೆಲಸ. ಪೈಪಿನ ಪಕ್ಕ ಒಂದು ಕಿಟಕಿಯಷ್ಟು ಕೊಯ್ತೀನಿ. ನೀವಿಬ್ಬರೂ ಲಾಕರ್ ಸಾಲಿನ ಹಿಂದೆ ಹೋಗಿ. ಬ್ಲೇಡ್ ಬರೋ ನೇರಕ್ಕೆ ನಿಲ್ಲಲೇಬೇಡಿ."

"ಧೂಳು?"

"ನೀರು ಬಿಟ್ಕೊಂಡೇ ಕೊಯ್ಯೋದು. ಕರೆಂಟಿನ ಮಷೀನು, ಹೊಗೆ ಬರಲ್ಲ. ಆದ್ರೂ ಮೂಗಿಗೆ ಒದ್ದೆ ಬಟ್ಟೆ ಕಟ್ಕೊಳ್ಳಿ. ಕಿವಿ ಮುಚ್ಕೊಳ್ಳಿ. ನಾನು ಕೂಗೋ ತನಕ ಈಚೆ ಬರಬೇಡಿ."

3.05

ಸದ್ದು ಹಲ್ಲಿಗೆ ಬಡೀತಿದೆ. ಲಾಕರ್‌ಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿವೆ. ಕಬ್ಬಿಣ ಸಿಕ್ಕಾಗ ದನಿ ಮೇಲೇರುತ್ತೆ, ಆತ ಕೈ ಸಡಿಲಿಸಿದ ಕೂಡಲೇ ಇಳಿಯುತ್ತೆ. ಎಲ್ಲಿ ಜಲ್ಲಿ, ಎಲ್ಲಿ ಸರಳು — ಈಗ ನನಗೂ ಗೊತ್ತಾಗ್ತಿದೆ.

3.20

ಬಂತು. ಮೊದಲು ಗೋಡೆ ಮೇಲೆ ಒದ್ದೆ ಕಲೆ. ಆಮೇಲೆ ಬೂದು ನೀರಿನ ಎಳೆ. ಆಮೇಲೆ ಉಕ್ಕಿನ ಅಂಚು! ಲಾಕರ್ ಸಂದಿಯಿಂದ ಓರೆಯಾಗಿ ನೋಡಿದೆ. ಈ ಗೋಡೆಯನ್ನು ನಂಬಿ ಊರು ಚಿನ್ನ ಇಟ್ಟಿದೆ. ಅದು ಬೆರಳಿಗಿಂತ ಸಪೂರದ ತಟ್ಟೆಗೆ ದಾರಿ ಬಿಟ್ಟಿತು... ನನಗೇ ತಿಳಿಯದೆ ಕೈ ಮುಗಿದೆ. ಪಕ್ಕದಲ್ಲಿ ಇಂದುಮತಿಬೆನ್ ಕೂಡ ಮುಗಿದಿದ್ದರು.

4.25

ನಿಲ್ಲಿಸಿಬಿಟ್ಟಿದ್ದಾರೆ. ಮೂರು ಕಡೆ ಆಗಿದೆ, ಒಂದೇ ಕಡೆ ಬಾಕಿ. ಮ್ಯಾನೇಜರ್ ಪ್ರಶಾಂತ್ ಸರ್ ಕೂಗಾಡೋದು ಸೀಳಿನಿಂದ ಕೇಳಿಸ್ತಿದೆ. "ಹತ್ತು ನಿಮಿಷದ ಕೆಲಸ, ಮುಗಿಸಪ್ಪಾ!"

"ಬ್ಲೇಡಿನ ಒಂದು ಹಲ್ಲಿನ ಬುಡ ಬಿರುಕು ಬಿಟ್ಟಿದೆ ಸಾಹೇಬ್. ಕಿತ್ತು ಹಾರಿದರೆ ಗುಂಡಿನ ಹಾಗೆ. ಪಾಂಡೇಸರಾದ ಅಂಗಡಿಯಿಂದ ಬೇರೆ ಬ್ಲೇಡ್ ತರಿಸ್ತಿದ್ದೀನಿ."

5.00

ಇಂದುಮತಿಬೆನ್ ಬೆವರುತ್ತಿದ್ದರು, ಮಾತು ತೊದಲುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ನಾನೂ ಕಿರುಚಿದೆ — "ಇವರು ಕೈತಪ್ಪಿ ಹೋಗ್ತಾರೆ ಭಾಯಿ! ಕೊಯ್ಯಿರಿ!"

ಆಚೆ ಸುತ್ತಿಗೆ ಬಡಿದ ಸದ್ದು. ಆಮೇಲೆ ಅನಿರುದ್ಧಭಾಯಿಯ ದನಿ — "ಬ್ಲೇಡ್ ತೆಗೆದಿದ್ದೀನಿ. ಮಷೀನಿನ ವೈರ್ ಕಿತ್ತಿದ್ದೀನಿ. ಕೆಳಗೆ ಬೆಣೆ ಹೊಡೆದಿದೆ, ತುಂಡು ಅಲ್ಲಾಡಲ್ಲ. ಈಗ ಸೀಳಿನ ಹತ್ತಿರ ಬನ್ನಿ ಬೆನ್."

ಸೀಳಿನಿಂದ ಉದ್ದನೆಯ ಸ್ಟೀಲ್ ಸ್ಕೇಲೊಂದು ಮೆಲ್ಲಗೆ ಏನನ್ನೋ ತಳ್ಳಿಕೊಂಡು ಬಂತು. ಪ್ಲಾಸ್ಟಿಕ್ ಕವರು. ಅದರಲ್ಲಿ ತುಪ್ಪ ಸವರಿ ಸಕ್ಕರೆ ಪುಡಿ ಮೆತ್ತಿದ ಒಂದು ಖಾಖ್ರಾ. ಇಲ್ಲಿನ ಗರಿಗರಿ ಒಣ ಚಪಾತಿ, ಹಪ್ಪಳದಷ್ಟು ತೆಳ್ಳಗೆ. ಆಮೇಲೆ ಇನ್ನೊಂದು. ಇನ್ನೊಂದು.

ಬೆರಳಲ್ಲಿ ಸಕ್ಕರೆ ಒರೆಸಿ ಅವರ ಬಾಯಿಗಿಟ್ಟೆ. ಕಾಲು ಗಂಟೆಗೆ ಕಣ್ಣು ತೆರೆದು ಕೇಳಿದರು, "ಬೇಟಾ, ನೀನು ತಿಂದೆಯಾ?"

6.45, ಆಸ್ಪತ್ರೆ

ಹೊಸ ಬ್ಲೇಡ್ ಬಂದು, ನಾಲ್ಕನೇ ಕಡೆಯೂ ಕೊಯ್ದು, ಐದೂಮುಕ್ಕಾಲಿಗೆ ತುಂಡನ್ನು ಸರಪಳಿ ಹಾಕಿ ಹೊರಕ್ಕೆಳೆದರು. ಮೊದಲು ಇಂದುಮತಿಬೆನ್, ಆಮೇಲೆ ನಾನು. ಅವರ ಶುಗರ್ ಸರಿಯಾಗಿದೆ, ಡಾಕ್ಟರ ಹತ್ತಿರ ಚಹಾ ಕೇಳ್ತಿದ್ದಾರೆ.

ಅನಿರುದ್ಧಭಾಯಿಗೆ ಐವತ್ತಿರಬಹುದು. ಸಣ್ಣ ಆಳು, ಮೈಯೆಲ್ಲ ಬೂದು ಕೆಸರು. ಬ್ಯಾಂಕಿನಿಂದ ಹೊರಡೋ ಮೊದಲು ಹಳೇ ಬ್ಲೇಡ್ ತೋರಿಸಿದರು. ಆ ಹಲ್ಲನ್ನು ಹೆಬ್ಬೆರಳಲ್ಲಿ ಒತ್ತಿದರಷ್ಟೆ — ಟಕ್ ಅಂತ ಕೈಗೇ ಬಂತು.

"ನಿಮ್ಮ ಮೇಲೆ ಕಿರುಚಿದೆ ಭಾಯಿ."

"ಒಳಗಿದ್ದಿದ್ರೆ ನಾನೂ ಕಿರುಚ್ತಿದ್ದೆ ಬೆನ್."

ಫೆಬ್ರವರಿ 15, ಶನಿವಾರ

ಮೂರು ದಿನ ಬರೆಯೋಕಾಗಲಿಲ್ಲ. ಕಣ್ಣು ಮುಚ್ಚಿದರೆ ಅದೇ ಸದ್ದು.

ಇವತ್ತು ಗೋಡೆ ಮತ್ತೆ ಕಟ್ಟೋ ಮೊದಲು ಅಂಚು ನೇರ ಮಾಡೋಕೆ ಅನಿರುದ್ಧಭಾಯಿ ಬಂದಿದ್ದರು. ನೋಡಬಹುದಾ ಅಂದೆ. ಕನ್ನಡಕ ಕೊಟ್ಟರು, ಕಿವಿಗೆ ಮುಚ್ಚಳ ಕೊಟ್ಟರು, ಪಕ್ಕಕ್ಕೆ ನಿಲ್ಲಿಸಿದರು. ಬ್ಲೇಡಿನ ಒಂದೊಂದು ಹಲ್ಲನ್ನೂ ಬೆರಳಲ್ಲಿ ಮುಟ್ಟಿ ನೋಡಿದರು, ಅವಸರವೇ ಇಲ್ಲ. ಕವಚ ಬಿಗಿ ಮಾಡಿದರು. ನೀರು ಬಿಟ್ಟರು. ಸ್ವಿಚ್ ಒತ್ತಿದರು. ಅಷ್ಟು ದೊಡ್ಡ ಉಕ್ಕಿನ ತಟ್ಟೆ ತಿರುಗುತ್ತಾ ತಿರುಗುತ್ತಾ ಅದರ ಹಲ್ಲುಗಳೆಲ್ಲ ಕಣ್ಣೆದುರೇ ಕರಗಿ ಒಂದೇ ಗೆರೆಯಾದವು. ಈ ಸಲ ಆ ಸದ್ದಿಗೆ ನಾನು ಕಣ್ಣು ಮುಚ್ಚಲಿಲ್ಲ.