ಕಿವಿ ಕೊಟ್ಟವನ ಕಾಗದ

ಮಾರ್ಚ್ ೯, ಭಾನುವಾರ

ಮಗಳ ಅಮ್ಮನಿಗೆ,

ಹೀಗೆ ಕರೆದರೆ ಬೇಸರವಿಲ್ಲ ತಾನೆ? ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆರು ವರ್ಷದಿಂದ ಬೇರೆ ಊರಿನಲ್ಲಿರುವ ಹೆಂಡತಿಗೆ ಆ ಪದ ಬಳಸಬಹುದೋ ಇಲ್ಲವೋ ಎಂದು ಯೋಚಿಸುತ್ತ ಕೂತರೆ ಈ ಕಾಗದ ಇನ್ನೂ ತಡವಾದೀತು. ಈಗಾಗಲೇ ಐದು ತಿಂಗಳು ಕಳೆದಿದೆ. ನೀನು ಬರೆದದ್ದು ಎರಡೇ ಸಾಲು: “ಮೊಮ್ಮಗಳಿಗೆ ಹಲ್ಲು ಬಂದಿದೆ. ಒಂದು ಸಲ ಬಂದು ನೋಡಿ.” ಎರಡು ಸಾಲಿಗೆ ಉತ್ತರ ಬರೆಯಲು ಐದು ತಿಂಗಳು ಬೇಕಾಯಿತೇ ಎಂದು ನೀನು ಕೇಳಬಹುದು. ಕ್ಷಮಿಸು. ಈ ಐದು ತಿಂಗಳು ಸುಮ್ಮನೆ ಕೂತಿರಲಿಲ್ಲ, ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಒಂದು ಬಿಟ್ಟರೆ ಬೇರೇನಿಲ್ಲ. ಕೆಲಸದ ಕೋಣೆಯಲ್ಲಿ ಧೂಳು ನಿನ್ನ ಕಾಲದ್ದೇ ಇದೆ. ನೀನು ಹೋದಮೇಲೆ ಅದನ್ನು ಬೈಯುವವರಿಲ್ಲದೆ ಹಾಯಾಗಿದೆ.

ನಡೆದದ್ದು ಇಷ್ಟು. ನಿನ್ನ ಕಾಗದ ಬಂದ ಎರಡು ವಾರಕ್ಕೆ, ಶಾಲಾಮಕ್ಕಳಿಗಾಗಿ ವಿಜ್ಞಾನಿಗಳ, ಸಂಶೋಧಕರ ಜೀವನಕಥೆಗಳ ಪುಸ್ತಕ ಬರೆಯುತ್ತಿರುವ ಹುಡುಗಿಯೊಬ್ಬಳು ಬಂದಿದ್ದಳು. ಉಗಿಯಂತ್ರ ಮಾಡಿದವರು, ರೋಗಾಣು ಕಂಡುಹಿಡಿದವರು, ಇವರೆಲ್ಲರ ಸಾಲಿನ ಕೊನೆಯಲ್ಲಿ ಕಿವಿ ಮಷೀನು ಮಾಡಿದ ನಾನು. ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಹಳೆಯ ಮಷೀನುಗಳು ಎಲ್ಲ ಸದ್ದನ್ನೂ ಒಂದೇ ಸಮ ಹಿಗ್ಗಿಸುತ್ತಿದ್ದವು, ನಾನು ಮೆಲುವಾದ ಅಕ್ಷರಗಳನ್ನು ಮಾತ್ರ ಎತ್ತಿ ಕೊಟ್ಟೆ ಎಂದು ವಿವರಿಸಿದೆ.

“ಅದು ಹೊಳೆದದ್ದು ಹೇಗೆ ಸರ್?” ಎಂದು ಕೇಳಿದಳು.

ಹೊಳೆದದ್ದು ಹೇಗೆಂದು ನಿನಗೆ ನೆನಪಿದೆಯೇ? ಮಗಳಿಗೆ ಆಗ ಮೂರು ವರ್ಷ. ಮಷೀನಿನ ಮೊದಲ ಪೆಟ್ಟಿಗೆಯನ್ನು ನಿನ್ನ ಎದೆಗೆ ಕಟ್ಟಿ, ವೈರನ್ನು ಕಿವಿಗೆ ಸಿಕ್ಕಿಸಿ, ಚಹಾದ ಲೋಟ ಮುಂದಿಟ್ಟು, ನನ್ನ ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು, “ಸಕ್ಕರೆ ಬೇಕಾ?” ಎಂದೆ. ನೀನು ಬಹಳ ಹೊತ್ತು ನನ್ನ ಮುಖ ನೋಡಿ ಸ್ಲೇಟಿನಲ್ಲಿ ಬರೆದೆ: “ಅಕ್ಕರೆ ಬೇಕಾ ಅಂದ್ರಾ?” ನಾನು ಕುಣಿದುಬಿಟ್ಟೆ. ‘ಸ’ ಬಿದ್ದುಹೋಗಿದೆ! ಗಟ್ಟಿ ಸ್ವರ ದಾಟಿದೆ, ಮೆಲು ಸದ್ದು ದಾಟಿಲ್ಲ! ಚಹಾ, ಸ್ಲೇಟು, ನೀನು ಎಲ್ಲವನ್ನೂ ಅಲ್ಲೇ ಬಿಟ್ಟು ಕೆಲಸದ ಕೋಣೆಗೆ ಓಡಿದೆ. ಮೂರು ದಿನ ಹೊರಗೆ ಬರಲಿಲ್ಲ. ಆ ಹುಡುಗಿ “ಎಷ್ಟು ಸೊಗಸಾದ ಘಟನೆ!” ಎಂದು ಬರೆದುಕೊಂಡಳು. ನನಗೆ ಮಾತ್ರ ಅವತ್ತು ಮೊದಲ ಸಲ ಅನ್ನಿಸಿತು, ನೀನು ಒಂದು ಪ್ರಶ್ನೆ ಕೇಳಿದ್ದೆ, ನಾನು ಉತ್ತರ ಕೊಡದೆ ಎದ್ದುಹೋಗಿದ್ದೆ.

ಹೊರಡುವಾಗ ಅವಳು ಚಪ್ಪಲಿ ಮೆಟ್ಟುತ್ತ ಇನ್ನೊಂದು ಕೇಳಿದಳು. “ಮಷೀನು ಆಗೋಕೆ ಮುಂಚೆ ಮೇಡಮ್ ಜೊತೆ ಯಾವ ಭಾಷೇಲಿ ಮಾತಾಡ್ತಿದ್ರಿ ಸರ್?”

ಯಾವ ಭಾಷೆಯಲ್ಲಿ? ಸ್ಲೇಟಿತ್ತು. ಚೀಟಿಗಳಿದ್ದವು. “ಕರೆಂಟ್ ಬಿಲ್ಲು ಎಲ್ಲಿ”, “ಊಟ ಬೇಡ”, “ನಾಳೆ ಬರುತ್ತೇನೆ”. ಅದು ಮಾತೇ? ನಿನಗೆ ಭಾಷೆ ಇತ್ತು. ಶಾಲೆಯಲ್ಲಿ ಕಲಿತ ಸನ್ನೆ, ಬೆರಳಿನ ತುದಿಯವರೆಗೂ ತುಂಬಿಕೊಂಡಿತ್ತು. ಮಗಳು ತೊಟ್ಟಿಲಿನಿಂದಲೇ ಅದನ್ನು ಕಲಿತಳು. ಊಟಕ್ಕೆ ಕೂತರೆ ನೀವಿಬ್ಬರೂ ಕೈಯಾಡಿಸಿ ನಗುತ್ತಿದ್ದಿರಿ. “ಏನಂತೆ?” ಎಂದರೆ ಅವಳು, “ಏನಿಲ್ಲಪ್ಪಾ, ಬಾಯಲ್ಲಿ ಹೇಳಿದ್ರೆ ಮಜಾ ಇರಲ್ಲ” ಎನ್ನುತ್ತಿದ್ದಳು. ನನ್ನದೇ ಮನೆಯಲ್ಲಿ ನಾನೊಬ್ಬನೇ ಕಿವುಡ. ಅದಕ್ಕೆ ಸಿಟ್ಟು. “ಕೈ ಕೆಳಗಿಡಿ ಇಬ್ಬರೂ. ಹೀಗಾದ್ರೆ ಅಮ್ಮನ ಕಿವಿ ಕಲಿಯೋದು ಯಾವಾಗ?” ಎಂದು ಗದರಿದೆ. ಅಭ್ಯಾಸಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅಂದಿನಿಂದ ನಮ್ಮ ಮನೆಯ ಊಟದ ಮೇಜು ಸ್ಮಶಾನದಂತಾಯಿತು. ಮಗಳು ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಿದ್ದಳು.

ನಿನಗೆ ಕೇಳಿಸಲಿ ಎಂದು ಇಪ್ಪತ್ತು ವರ್ಷ ದುಡಿದೆ. ನೀನು ಹೇಳುವುದು ನನಗೆ ಅರ್ಥವಾಗಲಿ ಎಂದು ಇಪ್ಪತ್ತು ದಿನ ಕೂರಲಿಲ್ಲ.

ಮಗಳ ಮದುವೆಯಾದ ತಿಂಗಳಿಗೆ ನೀನು ಮಷೀನನ್ನು ಒರೆಸಿ ಅದರ ಡಬ್ಬಿಯಲ್ಲಿಟ್ಟು, ಮೇಲೊಂದು ಚೀಟಿ ಇಟ್ಟು ಹೋದೆ. “ಮಾತಾಡೋರು ಇರೋ ಕಡೆ ಹೋಗ್ತಿದೀನಿ. ನಿಮ್ಮ ಮೇಲೆ ಕೋಪ ಇಲ್ಲ.” ನೀನು ಮಗಳ ಊರಿನ ಕಿವುಡು ಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಲು ಸೇರಿದೆ ಎಂದು ಆಮೇಲೆ ಗೊತ್ತಾಯಿತು. ನಮ್ಮಕ್ಕ ಬಂದು, “ಕಿವಿ ಕೊಟ್ಟವನನ್ನೇ ಬಿಟ್ಟು ಹೋದಳಲ್ಲೋ!” ಎಂದು ಗೊಣಗಿದಾಗ ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಹಾಗೆ ಅನ್ನಿಸಿಕೊಳ್ಳುವುದು ನನಗೆ ಸುಖವಾಗಿತ್ತು.

ಈಗ ನಗಬೇಡ. ಸೈಕಲ್ ಅಂಗಡಿಯ ಮಹಡಿಯ ಮೇಲೆ ಸನ್ನೆ ಭಾಷೆ ಕಲಿಸುತ್ತಾರೆ. ಮಂಗಳವಾರ, ಶನಿವಾರ. ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ಟೀಚರಮ್ಮನಿಗೂ ಕಿವಿ ಕೇಳುವುದಿಲ್ಲ. ನಮಗೆ ತಿಳಿಯದಿದ್ದರೆ ಬೋರ್ಡಿನ ಮೇಲೆ ಬರೆಯುತ್ತಾರೆ. ಉಳಿದವರೆಲ್ಲ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು. ಅಜ್ಜ ನಾನೊಬ್ಬನೇ. ನನ್ನ ಬೆರಳುಗಳು ಸ್ಕ್ರೂಡ್ರೈವರ್ ಹಿಡಿದು ಹಿಡಿದು ಮೊಂಡಾಗಿವೆ. ಮೊದಲ ವಾರ ‘ನನ್ನ ಹೆಂಡತಿ’ ಎನ್ನಲು ಹೋಗಿ ‘ನನ್ನ ಎಮ್ಮೆ’ ಎಂದೆನಂತೆ. ಇಡೀ ಕ್ಲಾಸು ನಕ್ಕಿತು.

ನನ್ನ ಪಕ್ಕ ಬಸ್ ಡ್ರೈವರ್ ಒಬ್ಬ ಕೂರುತ್ತಾನೆ. ಅವನ ನಾಲ್ಕು ವರ್ಷದ ಮಗಳಿಗೆ ಕಿವಿ ಮಂದ. ಅವಳು ಹಾಕಿಕೊಂಡಿರುವುದು ನನ್ನ ಮಷೀನೇ, ಹೊಸ ಮಾದರಿಯದು. ನಾನು ಯಾರೆಂದು ಅವನಿಗೆ ಹೇಳಿರಲಿಲ್ಲ. ಒಂದು ದಿನ ಕೇಳಿದೆ, “ಮಗೂಗೆ ಮಷೀನು ಇದೆಯಲ್ಲಪ್ಪ, ಮತ್ತೆ ನೀನ್ಯಾಕೆ ಇಲ್ಲಿ?”

“ಮಷೀನು ಒಳ್ಳೇದೇ ಸಾರ್, ಹಾರ್ನ್ ಕೇಳಿಸುತ್ತೆ, ಹೆಸರು ಕರೆದ್ರೆ ತಿರುಗ್ತಾಳೆ. ಆದ್ರೆ ಸ್ನಾನ ಮಾಡಿಸುವಾಗ ತೆಗೀಬೇಕಲ್ಲ? ಮಲಗಿಸುವಾಗ ತೆಗೀಬೇಕಲ್ಲ? ಆವಾಗ ಅವಳು ಯಾರ ಹತ್ರ ಮಾತಾಡ್ಬೇಕು?” ಎಂದ. ಆಮೇಲೆ ಸಂಕೋಚದಿಂದ, “ಮಷೀನು ಮಾಡೋ ಬುದ್ಧಿ ನಮಗೆಲ್ಲಿ ಸಾರ್. ಅದಕ್ಕೇ ಕೈ ಕಲೀತಿದೀನಿ” ಎಂದ.

ಮೆಟ್ಟಿಲಿಳಿದು ಬಂದು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ. ನನಗೆ ಬುದ್ಧಿ ಇತ್ತು. ಅದೇ ತೊಂದರೆಯಾಯಿತು.

ಹೋದ ವಾರ ಮಗಳು ಫೋನ್ ಮಾಡಿದಾಗ ಕ್ಲಾಸಿನ ಸುದ್ದಿ ಹೇಳಿದೆ. ಆಮೇಲೆ, “ಅಪ್ಪಾ, ಅಮ್ಮನ ಕೈಯಲ್ಲಿ ನಿನಗೊಂದು ಹೆಸರಿದೆ, ಗೊತ್ತಾ? ಕಿವಿ ಪಕ್ಕ ಸ್ಕ್ರೂ ತಿರುಗಿಸಿದ ಹಾಗೆ ಮಾಡೋದು. ಅದೇ ನೀನು” ಎಂದಳು. ಮೂವತ್ತನಾಲ್ಕು ವರ್ಷ ನನ್ನ ಹೆಸರೇ ನನಗೆ ಗೊತ್ತಿರಲಿಲ್ಲ ನೋಡು. ಫೋನಿಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ಮಾಡಿ ನೋಡಿದೆ. ಅದರಲ್ಲಿ ತಮಾಷೆ ಇದೆಯೋ ಅಕ್ಕರೆ ಇದೆಯೋ ನನಗೆ ತಿಳಿಯಲಿಲ್ಲ. ಎರಡೂ ಇರಲಿ.

ಮುಂದಿನ ತಿಂಗಳು ಮೊದಲ ವಾರ ಬರಬೇಕೆಂದಿದ್ದೇನೆ. ನಿನ್ನನ್ನು ವಾಪಸು ಕರೆಯಲು ಅಲ್ಲ. ಆ ಮಾತನ್ನು ಆಡುವ ಯೋಗ್ಯತೆ ನನಗಿಲ್ಲ. ಮೊಮ್ಮಗಳ ಹಲ್ಲು ನೋಡಿ, ನಿನ್ನೆದುರು ಒಂದರ್ಧ ಗಂಟೆ ಕೂತು ಹೋಗುತ್ತೇನೆ. ಬೇಡವೆಂದರೆ ಒಂದು ಸಾಲು ಬರೆ, ಬೇಸರಪಡುವುದಿಲ್ಲ. ಮೊಮ್ಮಗಳಿಗೆ, ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ನಿನ್ನ ಹೊಲಿಗೆಯ ಮಕ್ಕಳೆಲ್ಲ ಚೆನ್ನಾಗಿರಲಿ. ನೀನು ಚೆನ್ನಾಗಿರು.

ಇಂತಿ,
ಸ್ಕ್ರೂ ತಿರುಗಿಸುವವನು

ಹೇಳದೆ ಉಳಿದದ್ದು: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಆ ಹುಡುಗಿ ತಾನು ಬರೆದ ಪುಟಗಳನ್ನು ಕಳಿಸಿದ್ದಾಳೆ. ಕೊನೆಯಲ್ಲಿ, ಸಭಾಂಗಣದಲ್ಲಿ ಮಷೀನನ್ನು ಮೊದಲ ಸಲ ಜನರಿಗೆ ತೋರಿಸಿದ ದಿನದ ಫೋಟೋ ಹಾಕಿದ್ದಾಳೆ. ನಾವಿಬ್ಬರೂ ಕೈ ಹಿಡಿದು ನಿಂತಿದ್ದೇವೆ, ನಿನ್ನ ಕಣ್ಣಲ್ಲಿ ನೀರು. ಕೆಳಗೆ ‘ಆನಂದಬಾಷ್ಪ’ ಎಂದು ಬರೆದಿದ್ದಾಳೆ.

ನಾವು ಕೈ ಹಿಡಿದಿರಲಿಲ್ಲ. ಮುನ್ನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದಾಗ ನಿನ್ನ ಮುಖ ಕಿವುಚಿಕೊಂಡಿತು, ನೀನು ನನ್ನ ಕಡೆ ತಿರುಗಿ ಏನೋ ಹೇಳಲು ಕೈ ಎತ್ತಿದೆ. ಜನರೆದುರು ಸನ್ನೆ ಮಾಡಿದರೆ ಮಷೀನು ಸೋತಂತೆ ಕಂಡೀತೆಂದು ನಿನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೆಳಗಿಳಿಸಿದೆ. ನೀನು ಬಿಡಿಸಿಕೊಳ್ಳಲು ನೋಡಿದೆ. ನಾನು ಬಿಡಲಿಲ್ಲ. ಜನರ ಕಡೆ ನೋಡಿ ನಕ್ಕೆ. ತುಂಬಿದ ಸಭೆಯಲ್ಲಿ ಹೆಂಡತಿಯ ಬಾಯಿ ಮುಚ್ಚಿದೆ ನಾನು, ಅದನ್ನು ಫೋಟೋ ತೆಗೆದು ಪತ್ರಿಕೆಯಲ್ಲಿ ಹಾಕಿ ಮನೆ ಮನೆಗೆ ಹಂಚಿದರು.

ನೀನು ಕೈ ಎತ್ತಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಿನ್ನೆ ಟೀಚರಮ್ಮನಿಗೆ ಮಾಡಿ ತೋರಿಸಿ, ಇದೇನೆಂದು ಕೇಳಿದೆ. ಅವರು ಎರಡು ಸಲ ಮಾಡಿಸಿ, ಬೋರ್ಡಿನ ಮೇಲೆ ಬರೆದರು: “ಇಷ್ಟರಿಂದ ಹೇಳಕ್ಕಾಗಲ್ಲ. ‘ಸಾಕು’ ಇರಬಹುದು, ‘ನೋಯ್ತಿದೆ’ ಇರಬಹುದು, ‘ಚೆನ್ನಾಗಿದೆ’ ಅಂತಲೂ ಇರಬಹುದು. ಮುಂದೆ ಕೈ ಎಲ್ಲಿಗೆ ಹೋಯ್ತು?”

ನಿನಗೆ ನೆನಪಿದ್ದರೆ ಕಾಗದದಲ್ಲಿ ಬರೆಯಬೇಡ. ನಾನು ಬಂದಾಗ ಕೈಯಲ್ಲೇ ಹೇಳು. ನಿಧಾನವಾಗಿ ಹೇಳು.