ಅತ್ತೆಯನ್ನು ಎಳೆಯುವ ಅಕ್ಕನಿಗೆ

ಮನೆಗೆ ಹಿರಿಯಳೂ, ಅಗ್ನಿಶಾಮಕ ದಳದಲ್ಲಿ ಏಣಿ ಹತ್ತುವವಳೂ, ದನಿಯ ಗಾತ್ರದಿಂದಾಗಿ ಚಿಕ್ಕಂದಿನಿಂದ ‘ಸೈರನ್’ ಎಂದೇ ಕರೆಸಿಕೊಂಡವಳೂ ಆದ ಅಕ್ಕನಿಗೆ,

ಸಮಸ್ತ ನಾಗರಿಕರಿಗೂ, ಬಂಧುಬಳಗಕ್ಕೂ, ಮೇಲಿನ ಮಹಡಿಯವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಳೆದ ತಿಂಗಳು ಒಂದು ದಿನ ನೀನು ಹಾಡಹಗಲೇ ಸೋಫಾದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಮಾಡಿದೆ. ನಾನು ಕಣ್ಣಾರೆ ಕಂಡೆ, ಗೊರಕೆಯನ್ನು ಕಿವಿಯಾರೆ ಕೇಳಿದೆ. ನಮ್ಮ ವಂಶದ ಚರಿತ್ರೆ ಬರೆಯುವವರು ಯಾರಾದರೂ ಹುಟ್ಟಿದರೆ ಆ ಮಧ್ಯಾಹ್ನಕ್ಕೆ ಪೂರ್ತಿ ಒಂದು ಅಧ್ಯಾಯ ಮೀಸಲಿಡಬೇಕೆಂದು ಕೋರುತ್ತೇನೆ.

ಇದನ್ನೆಲ್ಲ ಎದುರಿಗೇ ಹೇಳಬಹುದಿತ್ತು. ಆದರೆ ಎದುರಿಗೆ ಹೊಗಳಿದರೆ ನೀನು ತಲೆಗೆ ಮೊಟಕುತ್ತೀಯ. ನನ್ನ ಅಂಕಣವನ್ನಂತೂ ನೀನು ಓದುವವಳಲ್ಲ. ಹಾಗಾಗಿ ಭೂಮಿಯ ಮೇಲೆ ನಿನ್ನನ್ನು ಹೊಗಳಲು ನನಗಿರುವ ಒಂದೇ ಸುರಕ್ಷಿತ ಜಾಗ ಇದು.

ನಿನ್ನ ಇಲಾಖೆಯ ವಾರ್ಷಿಕ ಪರೀಕ್ಷೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೆಗಲ ಮೇಲೆ ನೀರಿನ ಪೈಪಿನ ಸುರುಳಿ ಹೊತ್ತು ಮಹಡಿ ಮಹಡಿ ಹತ್ತಬೇಕು, ಇಳಿಯಬೇಕು, ಆಮೇಲೆ ಆಳೆತ್ತರದ, ಆಳಿನಷ್ಟೇ ಭಾರದ ಬೊಂಬೆಯೊಂದನ್ನು ಕಂಕುಳಿಗೆ ಕೈ ಹಾಕಿ ಅಂಗಳದ ಆ ತುದಿಗೆ ಎಳೆದೊಯ್ಯಬೇಕು. ಹೊತ್ತು ಮೀರಿದರೆ ಗಾಡಿ ಹತ್ತುವ ಹಾಗಿಲ್ಲ, ಒಳಗೆ ಕೂತು ಫೋನ್ ಎತ್ತಬೇಕು. ಫೋನ್ ಎತ್ತುವುದು ಕೀಳು ಕೆಲಸವೇನಲ್ಲ. ಆದರೆ ಬೇರೆಯವರು ಗಾಡಿ ಹತ್ತುವುದನ್ನು ಕಿಟಕಿಯಿಂದ ನೋಡುತ್ತಾ ಕೂರಲು ನಿನ್ನ ಕೈಲಿ ಆಗುವುದಿಲ್ಲ. ಅದಕ್ಕೇ ಇಪ್ಪತ್ತು ವರ್ಷದಿಂದ ಬೆಳಕು ಹರಿಯುವ ಮುಂಚೆ ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲಿ ನಿನ್ನ ಬೂಟಿನ ಸದ್ದು. ಮೇಲಿನ ಮಹಡಿಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದಾರೆ.

ಬೊಂಬೆ ಮನೆಯಲ್ಲಿ ಎಲ್ಲಿಂದ ಬರಬೇಕು? ಆ ಜಾಗವನ್ನು ನಮ್ಮ ಸೋದರತ್ತೆ ತುಂಬಿದಳು. ಗಣಿತದ ಟೀಚರ್ ಆಗಿ ನಿವೃತ್ತಳಾದವಳು, ತನ್ನ ತೂಕವೂ ಬೊಂಬೆಯ ತೂಕವೂ ಒಂದೇ ಎಂದು ತಿಳಿದ ದಿನ ತಾನಾಗಿಯೇ ಮನೆ ಬಾಗಿಲಾಚೆಯ ಕಾರಿಡಾರ್ ಓಣಿಯಲ್ಲಿ ಬೆಡ್‌ಶೀಟ್ ಹಾಸಿಕೊಂಡು ಮಲಗಿದಳು. ಅಂದಿನಿಂದ ಅವಳ ಊಟಕ್ಕೂ ಒಂದು ಶಿಸ್ತು ಬಂತು. ಯಾರ ಮನೆಗೆ ಹೋದರೂ, “ಇನ್ನೊಂದು ಬೇಡಮ್ಮ, ಬೊಂಬೆ ಲೆಕ್ಕ ತಪ್ಪತ್ತೆ” ಅನ್ನುತ್ತಾಳೆ. ಅವರು ಏನೂ ಅರ್ಥವಾಗದೆ ತಟ್ಟೆ ಹಿಂದೆ ತೆಗೆದುಕೊಳ್ಳುತ್ತಾರೆ.

ನೀವಿಬ್ಬರೂ ಓಣಿಯಲ್ಲಿ ಮಾಡುತ್ತಿದ್ದ ಗಲಾಟೆ ಇವತ್ತಿಗೂ ನನ್ನ ಕಿವಿಯಲ್ಲಿದೆ. “ಕಾಲು ಮಡಚಬೇಡ ಅತ್ತೆ, ನಿನಗೆ ಪ್ರಜ್ಞೆ ಇಲ್ಲ ಅಂತ ಲೆಕ್ಕ!” “ಪ್ರಜ್ಞೆ ಇಲ್ಲದೋಳಿಗೆ ಇಷ್ಟು ಕೂಗ್ತಾರೇನೇ? ಸತ್ತೋಳೂ ಎದ್ದು ಕೂರ್ತಾಳೆ!”

ಹೋದ ವರ್ಷ ನೀನು ಕೂದಲೆಳೆಯ ಅಂತರದಲ್ಲಿ ಪಾಸಾದೆ. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಸಾಲದೆಂದು ಸಂಜೆಯೂ ಮೆಟ್ಟಿಲು. ರಜೆಯ ದಿನ ಎರಡರಷ್ಟು. ನೆಗಡಿಯಾದರೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮೆಟ್ಟಿಲು. ಕ್ರಮೇಣ ಮನೆಯಲ್ಲಿ ನಿನ್ನ ದನಿ ಇಳಿಯಿತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ಬೈಗುಳವಿಲ್ಲ. ನಾನೋ, ಅಕ್ಕನಿಗೆ ಏನು ಏಕಾಗ್ರತೆ, ಋಷಿಮುನಿಗಳಿಗೂ ಇಷ್ಟಿರಲಿಲ್ಲ ಎಂದು ಮೆಚ್ಚಿಕೊಂಡು ಇನ್ನೊಂದು ಟವೆಲ್ ಎಸೆದೆ.

ನಿಜ ಏನೆಂದು ಕಂಡುಹಿಡಿದದ್ದು ಬೊಂಬೆ. ಪರೀಕ್ಷೆಗೆ ಇನ್ನೂ ಕೆಲವು ವಾರ ಇದ್ದಾಗ, ಓಣಿಯ ಅರ್ಧದಲ್ಲಿ ಅತ್ತೆ ಧಡಕ್ಕನೆ ಎದ್ದು ಕೂತಳು.

“ಸಾಕು. ನಾನಿನ್ನು ಎಳೆಸಿಕೊಳ್ಳಲ್ಲ.”

“ಇನ್ನೊಂದೇ ಸಲ ಅತ್ತೆ.”

“ಆಗಿನಿಂದ ನಿನ್ನ ಸಾರು ನೀರು ನೀರು ಅಂತ ಆಡಿಕೊಳ್ತಾ ಇದ್ದೀನಿ. ತಿರುಗಿ ಒಂದು ಮಾತಾಡಿದೆಯಾ? ಮೂಟೆ ಎಳೆಯೋ ಹಾಗೆ ಎಳೀತಿದ್ದೀಯ. ಎಳೆಸಿಕೊಳ್ಳೋಳಿಗೂ ಮರ್ಯಾದೆ ಅಂತ ಒಂದಿದೆ. ಎಲ್ಲಿ ಹೋದಳು ನನ್ನ ಸೊಸೆ?”

ನೀನು ಗೋಡೆಗೆ ಒರಗಿ ಕುಸಿದು ಕೂತೆ. ನಾನು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದೆ. “ಸುಸ್ತಾಗಿದೆ ಅತ್ತೆ” ಅಂದೆ ನೀನು, ನನಗೆ ಅರ್ಧ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ. “ಮೊನ್ನೆ ಠಾಣೆಯಲ್ಲಿ ಗಂಟೆ ಹೊಡೀತಲ್ಲ, ಯಾಕಾದರೂ ಹೊಡೀತೋ ಅನ್ನಿಸಿಬಿಡ್ತು. ಯಾರದೋ ಮನೆ ಉರೀತಿದೆ, ನನಗೆ ಹಾಗನ್ನಿಸಬಹುದಾ?”

ಅಕ್ಕಾ, ನೀನು ಹೊಗೆ ತುಂಬಿದ ಮನೆಗೆ ನುಗ್ಗಿ ಬಂದ ಕಥೆಗಳನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಆವತ್ತು ಓಣಿಯಲ್ಲಿ ಕೂತವಳ ಮುಂದೆ ಅವೆಲ್ಲ ನನಗೆ ಚಿಕ್ಕವಾಗಿ ಕಂಡವು.

ಮಾರನೆಯ ದಿನ ನೀನೇ ಠಾಣೆಯ ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಬೈಯುತ್ತಾರೆಂದು ನೀನು ಹೆದರಿದ್ದೆ. ಅವರು “ಈಗಲಾದರೂ ಬಾಯಿಬಿಟ್ಟೆಯಲ್ಲಮ್ಮ” ಎಂದು ರಜೆ ಬರೆದುಕೊಟ್ಟರು. ಬೂಟು ಅಟ್ಟಕ್ಕೆ ಹೋಯಿತು, ಅಟ್ಟದ ಏಣಿ ಅತ್ತೆಯ ಕೋಣೆಗೆ ಹೋಯಿತು. ಮೊದಲೆರಡು ದಿನ ನೀನು ಬೋನಿನ ಹುಲಿಯಂತೆ ಅಡುಗೆಮನೆಗೂ ಹಜಾರಕ್ಕೂ ತಿರುಗಿದೆ. ನಲ್ಲಿಯಲ್ಲಿ ನೀರು ಧಾರಾಕಾರವಾಗಿ ಬರುತ್ತಿದ್ದಾಗಲೇ ಎರಡು ತುಂಬಿದ ಬಕೆಟ್ ಹಿಡಿದು ಮೆಟ್ಟಿಲೇರುತ್ತಾ ಸಿಕ್ಕಿಬಿದ್ದೆ. “ಮೇಲಿನವರಿಗೆ ಬೇಕಾಗಬಹುದು ಅಂತ” ಎಂದ ನಿನ್ನ ಮುಖ ನೋಡಿ, ಮೇಲಿನವರು ಪಾಪ, ಬಕೆಟ್ ಇಸಿದುಕೊಂಡರು. ಮೂರನೆಯ ದಿನವೇ ಆ ಐತಿಹಾಸಿಕ ನಿದ್ದೆ. ಆಮೇಲೆ ಹೊಟ್ಟೆ ತುಂಬ ಊಟ. ವಾರ ಕಳೆದ ಮೇಲೆ ಬರಿಗೈಯಲ್ಲಿ ನಾಲ್ಕು ಮೆಟ್ಟಿಲು, ಅದೂ ಅತ್ತೆಯ ಕಾವಲಿನಲ್ಲಿ. ಹೀಗೇ ಒಂದು ಬೆಳಿಗ್ಗೆ ಓಣಿಯಿಂದ “ಅತ್ತೆ, ನನ್ನ ಸಾರಿನ ಸುದ್ದಿಗೆ ಬಂದರೆ ಇಲ್ಲೇ ಬಿಟ್ಟು ಹೋಗ್ತೀನಿ!” ಎಂಬ ಗರ್ಜನೆ ಕೇಳಿಸಿತು. ನಾನು ಮೆತ್ತಗೆ ಟವೆಲ್ ಎತ್ತಿ ಒಣಗಲು ಹಾಕಿದೆ.

ಪರೀಕ್ಷೆಯ ದಿನ ನಾನೂ ಅತ್ತೆಯೂ ಬೇಲಿಯಾಚೆ ನಿಂತಿದ್ದೆವು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿನಗೆ ಹೇಳುತ್ತಿದ್ದಳು, “ಮೇಡಂ, ನಾನು ಆರು ತಿಂಗಳಿಂದ ಒಂದು ದಿನಾನೂ ತಪ್ಪಿಸಿಲ್ಲ.” ಅವಳ ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು. ನಿನ್ನ ಹಿಂದೆ ಠಾಣೆಗೆ ಠಾಣೆಯೇ ನಿಂತಿತ್ತು. ಅವರೆದುರು ನೀನು ಸುಮ್ಮನೆ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ದೇವರು ಕೊಟ್ಟ ದನಿಯಲ್ಲಿ ನೀನು ಹೇಳಿಬಿಟ್ಟೆ, “ನಾನು ತಪ್ಪಿಸಿದೆ ಕಣೇ. ಸುಸ್ತಾಗಿತ್ತು, ವಾರಗಟ್ಟಲೆ ಬಿದ್ದುಕೊಂಡು ನಿದ್ದೆ ಮಾಡಿದೆ. ನೀನೂ ನಾಳೆ ಮಾಡು.” ಬೇಲಿಯಾಚೆಗೂ ಕೇಳಿತು. ಬಹುಶಃ ಪಕ್ಕದ ಬೀದಿಗೂ. ಅತ್ತೆ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಓದುಗರಿಗೆ ಆ ಮಟ್ಟಿಗೆ ವಿರಾಮ ಸಿಕ್ಕಿತು.

ನೀನು ಪಾಸಾದೆ. ಹೋದ ಸಲಕ್ಕಿಂತ ಚೂರು ಬೇಗ, ಅಷ್ಟೇ. ಆದರೆ ನನ್ನ ಎದೆ ಉಬ್ಬಿದ್ದು ಅದಕ್ಕೂ ಮೊದಲೇ, ನೀನಿನ್ನೂ ಪೈಪಿಗೆ ಕೈ ಹಾಕುವ ಮುಂಚೆಯೇ. ಈ ಮಾತನ್ನು ಯಾರೂ ನಿನಗೆ ಓದಿ ಹೇಳದಿರಲಿ.

ಹಿರಿಯಳನ್ನು ಹರಸುವ ಅಧಿಕಾರ ತಮ್ಮನಿಗಿಲ್ಲ, ಗೊತ್ತು. ನಿನ್ನನ್ನು ಬಿಟ್ಟು ನಿನ್ನ ಮಂಡಿಗಳನ್ನಷ್ಟೇ ಹರಸುತ್ತೇನೆ: ಅವು ನೂರು ಕಾಲ ಬಾಳಲಿ, ನಡುನಡುವೆ ಮಡಚಿಕೊಂಡು ಮಲಗಲಿ.

ಇಂತಿ ನಿನ್ನ ಹೆಮ್ಮೆಯ, ಬಡಕಲು ತಮ್ಮ.

ಒಂದು ಸಣ್ಣ ಕೆಲಸ ಇದೆ, ಇದನ್ನು ಮಾತ್ರ ಯಾರಾದರೂ ನಿನಗೆ ಓದಿ ಹೇಳಲಿ. ಇದನ್ನು ಬರೆಯುತ್ತಾ ಕಿಟಕಿಯಿಂದ ಬಗ್ಗಿದಾಗ ನನ್ನ ಕನ್ನಡಕ ಕೆಳಗಿನ ಮನೆಯ ಕಿಟಕಿ ಸಜ್ಜಾ ಮೇಲೆ ಬಿತ್ತು. ನಿಮ್ಮ ಠಾಣೆಗೆ ಫೋನ್ ಮಾಡಲು ನಾಚಿಕೆ. ಸಂಜೆ ಬರುವಾಗ ಒಂದು ಉದ್ದನೆಯ ಕೋಲು ತಂದುಬಿಡು.