ಅಪ್ಪನ ಹೆಸರು ರೇಡಿಯೋದಲ್ಲಿ

ನೆಲ್ಸನ್, ಲ್ಯಾಂಕಾಶೈರ್
21 ಅಕ್ಟೋಬರ್ 1949, ಶುಕ್ರವಾರ

ಪ್ರೀತಿಯ ವಿನಿ,

ನಿನ್ನೆ ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ನಮ್ಮ ಅಪ್ಪನ ಹೆಸರು ರೇಡಿಯೋದಲ್ಲಿ ಬಂತು. ಇಂದಿನ ಸಂಜೆ ಪತ್ರಿಕೆ ಅದನ್ನು ನಾಲ್ಕು ಸಾಲಿನಲ್ಲಿ ಹಾಕಿದೆ: ‘ಮಿಲ್ಲಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿನ ನಗೆ ಕಾರ್ಯಕ್ರಮ, ಮುನ್ನೂರು ಮಂದಿ ಕೆಲಸಗಾರರು ನಕ್ಕು ಸುಸ್ತು.’ ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಇವತ್ತು ಬರೆಯುತ್ತಿರುವುದು ಸಿಟ್ಟಿನಿಂದ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ನೀನು ಆಸ್ಟ್ರೇಲಿಯಾದಿಂದ ಕಳಿಸಿದ ಹಣ್ಣಿನ ಡಬ್ಬಿಗಳು ಬಂದವು. ಇಲ್ಲಿ ಮಿಠಾಯಿಗೆ ಮತ್ತೆ ಪಡಿತರ ಹಾಕಿದ್ದಾರೆ.

ಬೆಳಿಗ್ಗೆ ಹತ್ತಕ್ಕೆ ರೇಡಿಯೋದವರ ವ್ಯಾನು ಬಂತು. ಮ್ಯಾನೇಜರ್ ಹಾಲ್‌ಸ್ಟೆಡ್ ಹೊಸ ಟೈ ಕಟ್ಟಿಕೊಂಡು ಅವರ ಹಿಂದೆ ಸುತ್ತುತ್ತಿದ್ದ. ಪಿಯಾನೋ ಇಳಿಸಿದರು, ಹಾಡುವ ಹುಡುಗಿ ಚಳಿಗೆ ನಡುಗುತ್ತ ಚಹಾ ಕುಡಿದಳು. ನಗೆಗಾರ ಬಿಲ್ಲಿ ವಿಫಿನ್ ಮಾತ್ರ ಹೆಂಗಸರ ಮೇಜಿನಿಂದ ಮೇಜಿಗೆ ಓಡಾಡಿದ. ಊರಿನವರ ಹೆಸರು ಸೇರಿಸಿದರೆ ಜೋಕಿಗೆ ಎರಡರಷ್ಟು ನಗು ಬೀಳುತ್ತದಂತೆ. “ಅಕ್ಕಂದಿರೇ, ನಿಮ್ಮಲ್ಲಿ ಶುದ್ಧ ಪೆದ್ದ ಮೇಸ್ತ್ರಿ ಯಾರು ಹೇಳಿ” ಎಂದ. ಮಗ್ಗದ ಮೇಸ್ತ್ರಿಗಳನ್ನು ಗೇಲಿ ಮಾಡುವುದು ನಮ್ಮಲ್ಲಿ ಅಜ್ಜನ ಕಾಲದ್ದು, ತಾನೂ ಮೇಸ್ತ್ರಿಯಾದ ಅಪ್ಪ ಅದಕ್ಕೆ ಎಂದೂ ಬೇಸರಪಟ್ಟವನಲ್ಲ. ಅವನೇ ನಾಲ್ಕು ಹೇಳಿ ನಗಿಸುತ್ತಿದ್ದ.

ಆದರೆ ನಿನ್ನೆ ಆ ಮನುಷ್ಯ ಮೈಕಿನ ಮುಂದೆ ಹೇಳಿದ್ದು ಇದು: “ಇಲ್ಲಿ ಎನಕ್ ಅಂತ ಒಬ್ಬ ಮೇಸ್ತ್ರಿ ಇದಾರೆ. ದಿನಾ ಸಂಜೆ ಸತ್ತ ಹೆಂಡ್ತಿ ಕುರ್ಚಿ ಮುಂದೆ ಕೂತು ಸದ್ದಿಲ್ದೆ ತುಟಿ ಆಡಿಸ್ತಾರಂತೆ. ಪಾಪ, ಮೂವತ್ತಾರು ವರ್ಷ ಆದ್ಮೇಲೆ ಈಗ ಮಾತಾಡೋ ಸರದಿ ಬಂದಿದೆ.”

ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಹಾಲ್‌ಸ್ಟೆಡ್ ಮೇಜು ಕುಟ್ಟಿದ. ಅಮ್ಮ ಹೋಗಿ ಇನ್ನೂ ಹನ್ನೊಂದು ತಿಂಗಳು, ವಿನಿ. ನನ್ನ ತಟ್ಟೆಯ ಕಡುಬನ್ನು ಎತ್ತಿ ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ದೇಶವೇ ಕೇಳುತ್ತಿದೆ, ಸುಮ್ಮನಿರಬೇಕು ಎಂದು ಬೆಳಿಗ್ಗೆ ಹೇಳಿದ್ದರು.

ಅಪ್ಪ ಬಲಗಡೆಯ ಬೆಂಚಿನಲ್ಲಿದ್ದ. ಮಗ್ಗಗಳ ಸದ್ದು ಅವನ ಕಿವಿಯನ್ನು ಪೂರ್ತಿ ತಿಂದಿದೆ. ಮಗ್ಗದ ಶೆಡ್ಡಿನ ಈ ತುದಿಯಿಂದ ಆ ತುದಿಯವರ ತುಟಿ ಓದಬಲ್ಲ, ಆದರೆ ತುಟಿ ಕಾಣಬೇಕು. ವಿಫಿನ್‌ನ ಬಾಯಿಗೆ ಮೈಕು ಅಡ್ಡ ಇತ್ತು. ಎಲ್ಲರೂ ನಕ್ಕಾಗ ಅಪ್ಪನೂ ನಕ್ಕ. ಎದ್ದು ನಿಂತು ಟೋಪಿಯನ್ನೂ ಎತ್ತಿದ.

ಮಧ್ಯಾಹ್ನವೇ ಎದುರು ಮಗ್ಗದ ಕ್ಲಾರಿಸ್‌ಳನ್ನು ಹಿಡಿದೆ. ವಿಫಿನ್‌ಗೆ ಹೇಳಿದ್ದು ಅವಳೇ. “ನಾನೇನ್ ಕಂಡೆ ಏಡಾ, ಅವ್ನು ಹಾಗೇ ಹೇಳ್ತಾನೆ ಅಂತ? ಒಳ್ಳೇ ಕಥೆ ಅಂತ ಹೇಳ್ದೆ” ಎಂದಳು. ಇನ್ನು ನನ್ನ ಕಡೆ ಮುಖ ಹಾಕಬೇಡ ಎಂದೆ. ಹಾಲ್‌ಸ್ಟೆಡ್ ಹತ್ತಿರ ಹೋದೆ. “ಇಷ್ಟಕ್ಕೆಲ್ಲ ಅಳ್ತಾರೇನಮ್ಮ? ನಮ್ಮ ಮಿಲ್ಲಿಗೆ ಹೆಸರು ಬಂತು” ಎಂದ. ಮಿಲ್ಲಿಗಂತೆ. ಮುಂದಿನ ತಿಂಗಳು ನಿಮ್ಮ ದೇಶಕ್ಕೂ ಕೇಳುವ ಮರುಪ್ರಸಾರದಲ್ಲಿ ಆ ಜೋಕು ತೆಗೆಯಿರಿ ಎಂದು ರೇಡಿಯೋದವರಿಗೆ ಬರೆದು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ.

ನಿನ್ನೆ ಸಂಜೆ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು, “ಅವ್ನು ನನ್ ಬಗ್ಗೆ ಏನಂದ ಹೇಳು” ಎಂದ. ಮೇಸ್ತ್ರಿಯೊಬ್ಬ ಗಡಿಯಾರ ನಿಂತಿದೆಯೆಂದು ಅದಕ್ಕೆ ಎಣ್ಣೆ ಹಾಕಲು ಹೋಗಿ ಊಟದ ಗಂಟೆಯನ್ನೇ ತಪ್ಪಿಸಿಕೊಂಡ ಹಳೇ ಕಥೆ ಹೇಳಿದೆ. ನನ್ನ ತುಟಿಯನ್ನೇ ನೋಡುತ್ತಿದ್ದ. “ಅಷ್ಟಕ್ಕೇ ಅಷ್ಟೊಂದು ನಕ್ರಾ?” ಎಂದು ಕೇಳಿ, ಪೈಪು ಹುಡುಕಲು ಎದ್ದ. ಅಮ್ಮನ ಕುರ್ಚಿಯ ಎದುರು ನಿನ್ನೆ ಅವನು ಕೂರಲಿಲ್ಲ.

ನಿನಗೂ ಲೆನ್‌ಗೂ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಚಿಕ್ಕವಳ ಕೆಮ್ಮು ಹೇಗಿದೆ, ಬರೆ.

ನಿನ್ನ ಅಕ್ಕ,
ಏಡಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕ್ಲಾರಿಸ್‌ಗೆ ಯಾರು ಹೇಳಿದರು ಎಂದು ನಾನು ಮೇಲೆ ಬರೆದಿಲ್ಲ. ನಾನೇ. ಸೆಪ್ಟೆಂಬರಿನಲ್ಲಿ, ಮಗ್ಗ ಓಡುತ್ತಿದ್ದಾಗ, ಮಗ್ಗಗಳ ನಡುವಿನ ಓಣಿಯ ಆಚೆ ನಿಂತಿದ್ದ ಅವಳಿಗೆ ಸದ್ದಿಲ್ಲದ ತುಟಿಮಾತಿನಲ್ಲಿ ಹೇಳಿದೆ. ಅಪ್ಪ ತುಟಿ ಆಡಿಸುವುದನ್ನು ಆಡಿಸಿಯೂ ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶೆಡ್ಡಿನಲ್ಲಿ ಗುಟ್ಟು ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕೆಂದು ಅಮ್ಮ ನಮಗೆ ಹತ್ತು ವರ್ಷಕ್ಕೇ ಕಲಿಸಿದ್ದಳು. ನಾನು ಹಿಡಿಯಲಿಲ್ಲ.

ಈಗ ವಿಮಾನ ಅಂಚೆಯ ಲಕೋಟೆ ಅಂಟಿಸಲು ಹೊರಟಾಗ ಅಪ್ಪ ಬಂದು ಎದುರು ಕೂತ. “ನಿನ್ನೆ ಜನ ಪಕ್ಕದೋರಿಗೆ ತುಟೀಲೇ ಹೇಳ್ಕೊಂಡ್ ನಗ್ತಿದ್ರು. ಅಲ್ಲೇ ಓದ್ಕೊಂಡೆ” ಎಂದ. ಹಾಗಾದರೆ ಯಾಕೆ ನಕ್ಕೆ ಎಂದು ಕೇಳಿದೆ. “ನಾನು ನಗ್ದಿದ್ರೆ ನೀನು ಅಲ್ಲಿ ಹೇಗೆ ಕೂತಿರ್ತಿದ್ದೆ?” ಎಂದ. ಆಮೇಲೆ, “ಕ್ಲಾರಿಸ್‌ನ ಬೈಬೇಡ. ನೀನು ಅವ್ಳಿಗೆ ಹೇಳ್ದ ದಿನ ನಾನು ನಿಮ್ಮ ಅಮ್ಮನ ಹಳೇ ಮಗ್ಗದ ಹತ್ರ ನಿಂತಿದ್ದೆ, ನಿನ್ನ ಮುಖ ನನ್ ಕಡೆಗೇ ಇತ್ತು” ಎಂದ. ಮರುಪ್ರಸಾರದ ತಾರೀಖನ್ನು ನಿನಗೆ ಬರೆಯಲು ಹೇಳಿದ.

ಮರುಪ್ರಸಾರ ನವೆಂಬರ್ ಎರಡು, ಬುಧವಾರ. ನಿಮ್ಮಲ್ಲಿ ಸಂಜೆ ಏಳಕ್ಕೆ.